68 ಸರಿಯೋ, 72 ಸರಿಯೋ?

ಹಳೇ ಕಾರಿನ ಎಂಜಿನ್ ಬಿಚ್ಚೋಕೆ ಒಂದು ಭಾನುವಾರ ಸಾಕು. ವಾಪಸ್ ಜೋಡಿಸೋಕೆ ಬೇಕಾದ ಅಳತೆಗಳನ್ನ ಹುಡುಕೋಕೆ ತಿಂಗಳುಗಳೇ ಹಿಡೀತವೆ. ದಂಡಿನಶಿವರದ ನಮ್ಮ ಮನೆ ಫಿಯೆಟ್‌ಗಾಗಿ ಆ ಅಳತೆಗಳನ್ನ ಹುಡುಕಿದ್ದು ಹೀಗೆ.

68 ಮಿಲಿಮೀಟರ್. 72 ಮಿಲಿಮೀಟರ್. ಎರಡೂ ಫಿಯೆಟ್ 1100 ಡಿ ಕಾರಿನ ಬೋರ್ ಅಳತೆ. ಬೋರ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಸಿಲಿಂಡರ್‌ನ ಒಳವ್ಯಾಸ. ಎರಡೂ ಸುಳ್ಳಲ್ಲ, ಎರಡೂ ಕಂಪನಿಯದೇ ಲೆಕ್ಕ. ಆದರೆ ನಿಮ್ಮ ಮನೆ ಶೆಡ್ಡಿನಲ್ಲಿ ನಿಂತಿರೋ ಕಾರಿಗೆ ಅವೆರಡರಲ್ಲಿ ಒಂದು ಮಾತ್ರ ಸರಿ. ಇನ್ನೊಂದನ್ನ ನಂಬಿ ಬ್ಲಾಕ್ ಕೊರೆಸಿದರೆ ಆ ಎಂಜಿನ್ ಕಥೆ ಅಲ್ಲಿಗೆ ಮುಗೀತು.

ಇದು ಹೇಗಾಯ್ತು ಅಂದರೆ, ಇಟಲಿಯಲ್ಲಿ 1962ರಲ್ಲಿ ಬಂದ 1100 ಡಿ ಕಾರಿಗೆ ಫಿಯೆಟ್ ಕಂಪನಿ 1221 ಸಿಸಿ ಎಂಜಿನ್ ಇಟ್ಟಿತ್ತು. ಬೋರ್ 72, ಸ್ಟ್ರೋಕ್ 75. ನಮ್ಮ ದೇಶದಲ್ಲಿ ಮುಂಬೈ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ 1964ರಿಂದ ಅದೇ ಕಾರನ್ನ 'ಡಿಲೈಟ್' ಅನ್ನೋ ಹೆಸರಲ್ಲಿ ತಯಾರಿಸಿತು. ಬಾಡಿ ಅದೇ, ಹೆಸರೂ ಹೆಚ್ಚುಕಮ್ಮಿ ಅದೇ. ಆದರೆ ಬಾನೆಟ್ ಒಳಗೆ ಹಳೇ 1089 ಸಿಸಿ ಎಂಜಿನ್ನೇ ಮುಂದುವರಿಯಿತು. ಬೋರ್ 68, ಸ್ಟ್ರೋಕ್ 75. 'ಫಿಯೆಟ್ 1100 ಡಿ' ಅಂತ ಮೊಬೈಲಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ಬಹುಪಾಲು ಇಟಲಿ ಕಾರಿನ ವಿವರವೇ.

ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದವನು. ನನ್ನಂಥವರು ನಿಮ್ಮ ಆಫೀಸಲ್ಲೂ ನಾಲ್ಕು ಜನ ಇರ್ತಾರೆ. ಊರಲ್ಲಿರೋದು 1971ರ ಫಿಯೆಟ್. ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕ ಒಂದು ವರ್ಷ ದೊಡ್ಡಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ತಿಪಟೂರು ಸಂತೆ, ತುರುವೇಕೆರೆ ಕೋರ್ಟು, ಅಕ್ಕಪಕ್ಕದ ಊರಿನ ಹೆರಿಗೆ ಕೇಸು, ಎಲ್ಲಕ್ಕೂ ಅದೇ ಗಾಡಿ. ಆಮೇಲೆ ಹೊಗೆ ಜಾಸ್ತಿಯಾಯ್ತು, ಆಯಿಲ್ ಕುಡಿಯೋಕೆ ಶುರುಮಾಡ್ತು, ಕೊನೆಗೆ ಕಾಯಿ ಸುಲಿಯೋ ಶೆಡ್ಡಿನ ಮೂಲೆ ಸೇರಿತು. ಗುಜರಿಯವರು ಎರಡು ಸಲ ಬಂದು ಕೇಳಿ ಹೋಗಿದ್ದರು. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ. "ಒಂದ್ ಸಲ ಹೊನ್ನಾದೇವಿ ಗುಡಿ ತಂಕ ಓಡ್ಸಿ ನೋಡ್ಬೇಕು ಕಣಪ್ಪ" ಅಂದರು. ಕೆಲಸ ಶುರುವಾಗಿದ್ದು ಅಷ್ಟಕ್ಕೇ.

ಹೆಸರು ಒಂದೇ, ವರ್ಷನ್ ಹಲವು

ಈ ಎಂಜಿನ್‌ನ ವಯಸ್ಸು ಕೇಳಿದರೆ ಆಶ್ಚರ್ಯ ಆಗುತ್ತೆ. 68ಕ್ಕೆ 75ರ ಈ 1089 ಸಿಸಿ ಎಂಜಿನ್ ಮೊದಲು ಬಂದಿದ್ದು 1937ರಲ್ಲಿ, ಫಿಯೆಟ್ 508 ಸಿ ಅನ್ನೋ ಕಾರಿನಲ್ಲಿ. ಯುದ್ಧ ಮುಗಿದ ಮೇಲೆ 1953ರಲ್ಲಿ 1100-103 ಬಂತು. ನಮ್ಮಲ್ಲಿ 'ಡುಕ್ಕರ್ ಫಿಯೆಟ್' ಅಂತ ಕರೆಯೋದು ಆ ಕಾಲದ ಗಾಡಿಯನ್ನ. ಆಮೇಲೆ ಡಿಲೈಟ್ ಬಂತು. 1970ರ ದಶಕದಲ್ಲಿ ಅದೇ ಗಾಡಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಪ್ರೀಮಿಯರ್ ಪದ್ಮಿನಿ ಆಯ್ತು. 2000ದ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಇಳಿದಿದ್ದು 2023ರ ಅಕ್ಟೋಬರ್‌ನಲ್ಲಿ.

ಅಂದರೆ ಮೂಲ ವಿನ್ಯಾಸ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದಿದೆ. ಅಷ್ಟು ದೀರ್ಘ ಕಾಲದಲ್ಲಿ ಪಿಸ್ಟನ್, ಕಾರ್ಬ್ಯುರೇಟರ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಬಂದಿರುತ್ತವೆ. ಸಾಫ್ಟ್‌ವೇರ್‌ನಲ್ಲಾದರೆ ಯಾವ ವರ್ಷನ್‌ನಲ್ಲಿ ಏನು ಬದಲಾಯ್ತು ಅಂತ ಪಟ್ಟಿ ಇರುತ್ತೆ. ಇಲ್ಲಿ ಆ ಪಟ್ಟಿ ಹರಿದು ಹಂಚಿಹೋಗಿದೆ. ಸ್ವಲ್ಪ ಕಾರ್ಖಾನೆ ಪುಸ್ತಕದಲ್ಲಿ, ಸ್ವಲ್ಪ ಬಿಡಿಭಾಗ ಮಾಡುವವರ ಕ್ಯಾಟಲಾಗ್‌ನಲ್ಲಿ, ಸ್ವಲ್ಪ ವಯಸ್ಸಾದ ಮೇಸ್ತ್ರಿಗಳ ತಲೆಯಲ್ಲಿ.

ಅದಕ್ಕೇ 'ಅಳತೆ ಎಷ್ಟು?' ಅಂತ ಕೇಳೋದಕ್ಕಿಂತ ಮುಂಚೆ 'ಯಾವ ಎಂಜಿನ್‌ನ, ಯಾವ ವರ್ಷದ, ಯಾವ ಯೂನಿಟ್‌ನ ಅಳತೆ?' ಅಂತ ಕೇಳಬೇಕು. ಬರೀ ನಂಬರ್‌ಗೆ ಬೆಲೆ ಇಲ್ಲ. ಎಲ್ಲಿಂದ ಬಂತು ಅಂತ ಗೊತ್ತಿರೋ ನಂಬರ್‌ಗೆ ಮಾತ್ರ ಬೆಲೆ.

ಕೂದಲೆಳೆಯ ವ್ಯತ್ಯಾಸ, ಲಕ್ಷದ ಪ್ರಶ್ನೆ

'ಅಂದಾಜಿಗೆ ಹಾಕಿದರೆ ಆಗಲ್ವಾ?' ಅಂತ ಮನೆಯಲ್ಲಿ ಕೇಳಿದರು. ಆಗಲ್ಲ, ಯಾಕೆ ಅಂತ ಒಂದು ಚಿಕ್ಕ ಲೆಕ್ಕ ನೋಡಿ.

ಪಿಸ್ಟನ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗೋದು ಬೀಡುಕಬ್ಬಿಣದ ಎರಡರಷ್ಟು. 68 ಮಿ.ಮೀ. ವ್ಯಾಸದ ಪಿಸ್ಟನ್ ನೂರು ಡಿಗ್ರಿ ಬಿಸಿಯಾದರೆ ಸುಮಾರು 0.16 ಮಿ.ಮೀ. ಹಿಗ್ಗುತ್ತೆ. ಅಷ್ಟೇ ಬಿಸಿಗೆ ಸಿಲಿಂಡರ್ ಹಿಗ್ಗೋದು ಸುಮಾರು 0.07 ಮಾತ್ರ. ಇವೆರಡರ ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿ ಒಂದು ತಲೆಕೂದಲಿನಷ್ಟು ದಪ್ಪ. ತಣ್ಣಗಿದ್ದಾಗ ಪಿಸ್ಟನ್‌ಗೂ ಗೋಡೆಗೂ ಮಧ್ಯೆ ಆ ಜಾಗ ಬಿಟ್ಟಿರಬೇಕು. ಕಡಿಮೆ ಬಿಟ್ಟರೆ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಜಾಸ್ತಿ ಬಿಟ್ಟರೆ ಶಬ್ದ ಬರುತ್ತೆ, ಆಯಿಲ್ ಮೇಲೆ ಬರುತ್ತೆ, ಮತ್ತೆ ಅದೇ ಹೊಗೆ.

ಜೊತೆಗೆ ಇನ್ನೊಂದು ವಿಷಯ ಇದೆ. ನಾವು ಕಂಪ್ಯೂಟರ್ ಮುಂದೆ ಕೂತು ಬದಲಾಯಿಸಿದ್ದನ್ನ ಹಿಂದಕ್ಕೆ ತಗೋಬಹುದು. ಲೇತ್‌ನಲ್ಲಿ ಕೊರೆದ ಕಬ್ಬಿಣ ವಾಪಸ್ ಬರಲ್ಲ.

ಮೊದಲು ಕಬ್ಬಿಣವನ್ನೇ ಕೇಳಿ

ಪುಸ್ತಕ ಹುಡುಕೋಕೆ ಹೋಗೋ ಮುಂಚೆ ಎಂಜಿನ್ ತಾನೇ ಏನು ಹೇಳುತ್ತೆ ಅಂತ ನೋಡಬೇಕು. ನೋಡೋ ಕ್ರಮ ಗೊತ್ತಿದ್ದರೆ ಅದು ಎಷ್ಟೋ ವಿಷಯ ಹೇಳುತ್ತೆ.

ಪಿಸ್ಟನ್ ತಲೆ ಮೇಲಿನ ಮಸಿ ಒರೆಸಿ. ಅಲ್ಲಿ ಸಾಮಾನ್ಯವಾಗಿ ತಯಾರಕರ ಗುರುತು, ಓವರ್‌ಸೈಜ್ ನಂಬರ್ ಒತ್ತಿರುತ್ತಾರೆ. 'ಎಸ್‌ಟಿಡಿ' ಅಂತಿದ್ದರೆ ಮೂಲ ಅಳತೆ. ನಮ್ಮದರಲ್ಲಿ 0.40 ಅಂತ ಇತ್ತು. ಅಂದರೆ ಈ ಬ್ಲಾಕನ್ನ ಹಿಂದೆ ಯಾರೋ ಒಂದು ಸಲ 68.40ಕ್ಕೆ ಕೊರೆಸಿದ್ದಾರೆ. ದೊಡ್ಡಪ್ಪನಿಗೂ ತುಮಕೂರಲ್ಲಿ ಒಂದು ಸಲ 'ಬೋರಿಂಗ್' ಮಾಡಿಸಿದ್ದು ನೆನಪಿತ್ತು, ವರ್ಷ ನೆನಪಿರಲಿಲ್ಲ.

ಸಿಲಿಂಡರ್‌ನ ಬಾಯಲ್ಲಿ, ಮೇಲಿನ ರಿಂಗ್ ತಲುಪದ ಕಡೆ, ಮೆಟ್ಟಿಲಿನಂಥ ಸಣ್ಣ ಅಂಚು ಉಳಿದಿರುತ್ತೆ. ಬೆರಳಿಟ್ಟರೆ ಗೊತ್ತಾಗುತ್ತೆ. ರಿಂಗ್ ಅಲ್ಲಿ ಉಜ್ಜಲ್ಲ, ಹಾಗಾಗಿ ಅಲ್ಲಿ ಸವೆತ ಇಲ್ಲ. ಅಲ್ಲಿಯ ಅಳತೆ ಅಂದರೆ ಕೊನೆ ಸಲ ಕೊರೆದಾಗಿನ ಅಳತೆ. ನಮ್ಮದರಲ್ಲಿ ಆ ಅಂಚಿನಲ್ಲಿ 68.40 ಬಂತು, ಅದರ ಕೆಳಗೆ ಜಾಸ್ತಿ ಸವೆದ ಕಡೆ 68.52. ಪಿಸ್ಟನ್ ಮೇಲಿನ ಗುರುತೂ ಬೋರ್ ಗೇಜೂ ಒಂದೇ ಮಾತು ಹೇಳಿದವು.

ಅಳೆಯೋದು ಒಂದೇ ಕಡೆ ಅಲ್ಲ. ಮೇಲೆ, ನಡುವೆ, ಕೆಳಗೆ ಮೂರು ಮಟ್ಟದಲ್ಲಿ, ಪ್ರತಿ ಮಟ್ಟದಲ್ಲೂ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಒಂದು ಸಿಲಿಂಡರ್‌ಗೆ ಆರು, ನಾಲ್ಕಕ್ಕೆ ಇಪ್ಪತ್ತನಾಲ್ಕು ಅಳತೆ. ಸಿಲಿಂಡರ್ ಸವೆಯೋದು ದುಂಡಗೆ ಅಲ್ಲ, ಮೊಟ್ಟೆಯ ಆಕಾರದಲ್ಲಿ. ಒಂದೇ ಕಡೆ ಅಳೆದರೆ ಅದು ತಿಳಿಯೋದೇ ಇಲ್ಲ.

ಬೇರಿಂಗ್ ಶೆಲ್‌ಗಳ ಬೆನ್ನು ನೋಡಿ. ಅಲ್ಲೂ ಸೈಜು, ತಯಾರಕರ ಗುರುತು ಇರುತ್ತೆ. ಕ್ರ್ಯಾಂಕ್ ಹಿಂದೆ ಎಷ್ಟು ಗ್ರೈಂಡ್ ಆಗಿದೆ ಅನ್ನೋದು ಅಲ್ಲೇ ಬರೆದಿದೆ. ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವಿನ ಸಂದು ನೋಡೋಕೆ ಪ್ಲಾಸ್ಟಿಗೇಜ್ ಅಂತ ಮೇಣದ ಎಳೆಯಂಥದ್ದು ಸಿಗುತ್ತೆ. ಅದನ್ನ ನಡುವೆ ಇಟ್ಟು ಬಿಗಿದು ಬಿಚ್ಚಿದರೆ, ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಅನ್ನೋದರ ಮೇಲೆ ಸಂದು ಎಷ್ಟು ಅಂತ ಹೇಳಬಹುದು.

ಇದಕ್ಕೆಲ್ಲ ವರ್ನಿಯರ್ ಸಾಲದು. ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬೇಕು. ಕೊಳ್ಳಬೇಕಾಗಿಲ್ಲ, ಒಳ್ಳೆ ಬೋರಿಂಗ್ ಶಾಪ್‌ಗೆ ಬ್ಲಾಕ್ ತಗೊಂಡು ಹೋದರೆ ಅಳೆದು ಕೊಡ್ತಾರೆ. ಆದರೆ 'ಬರೆದು ಕೊಡಿ' ಅಂತ ಕೇಳಿ. ಬಾಯಲ್ಲಿ ಹೇಳಿದ ಅಳತೆ ಮನೆ ಸೇರೋ ಹೊತ್ತಿಗೆ ಬದಲಾಗಿರುತ್ತೆ.

ಆಮೇಲೆ ಕಾಗದ

ಮನೆಯಲ್ಲೇ ಇರೋ ಮೊದಲ ಕಾಗದ ಆರ್‌ಸಿ. ತಯಾರಾದ ವರ್ಷ, ಎಂಜಿನ್ ನಂಬರ್, ಚಾಸಿಸ್ ನಂಬರ್, ಸಿಸಿ ಎಲ್ಲ ಅದರಲ್ಲಿರುತ್ತೆ. ಬ್ಲಾಕ್ ಮೇಲಿನ ನಂಬರಿಗೂ ಆರ್‌ಸಿಯಲ್ಲಿರೋದಕ್ಕೂ ಹೊಂದುತ್ತಾ ನೋಡಿ. ಹೊಂದದಿದ್ದರೆ ಎಂಜಿನ್ ಯಾವಾಗಲೋ ಬದಲಾಗಿದೆ. ಆಗ ಕಾರಿನ ವರ್ಷ ಹಿಡಿದು ಅಳತೆ ಹುಡುಕಿದರೆ ದಾರಿ ತಪ್ಪುತ್ತೆ.

ಆಮೇಲೆ ಬರೋದು ಮೂರು ಬಗೆಯ ಪುಸ್ತಕ. ಗಾಡಿ ಜೊತೆ ಕೊಡುತ್ತಿದ್ದ ಕೈಪಿಡಿಯಲ್ಲಿ ಟ್ಯಾಪೆಟ್ ಸಂದು, ಪ್ಲಗ್ ಸಂದು, ಆಯಿಲ್ ಎಷ್ಟು ಹಿಡಿಯುತ್ತೆ ಅನ್ನೋದು ಸಿಗುತ್ತೆ. ಗ್ಯಾರೇಜಿಗೆ ಅಂತ ಮಾಡಿದ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಬೇರಿಂಗ್ ಸಂದು, ಬೋಲ್ಟ್ ಬಿಗಿತ, ಎಲ್ಲಿಯವರೆಗೆ ಸವೆದರೆ ನಡೆಯುತ್ತೆ ಅನ್ನೋದು ಇರುತ್ತೆ. ಮೂರನೆಯದು ಪಾರ್ಟ್ಸ್ ಕ್ಯಾಟಲಾಗ್. ಇದರಲ್ಲಿ ಅಳತೆ ಕಡಿಮೆ, ಆದರೆ ಯಾವ ಎಂಜಿನ್ ನಂಬರ್‌ನಿಂದ ಯಾವ ಭಾಗ ಬದಲಾಯ್ತು ಅನ್ನೋದು ಸಿಗೋದು ಇದರಲ್ಲೇ. ಎಲ್ಲರೂ ಮರೆಯೋ ಪುಸ್ತಕವೂ ಇದೇ.

ಬೆಂಗಳೂರಲ್ಲಿ ಇರೋರಿಗೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು, ಭಾನುವಾರದ ಸಂಡೇ ಬಜಾರ್, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು ಹುಡುಕೋಕೆ ಒಳ್ಳೆ ಜಾಗ. ಅಂಗಡಿಯಲ್ಲಿ ಹಳೇ ಸ್ಟಾಕ್ ಇದ್ದರೆ ಬಾಕ್ಸನ್ನೂ ಬಿಡಬೇಡಿ. ಪಿಸ್ಟನ್, ರಿಂಗ್ ತಯಾರಕರು ಕೆಲವೊಮ್ಮೆ ಬಾಕ್ಸ್ ಮೇಲೋ, ಒಳಗಿನ ಚೀಟಿಯಲ್ಲೋ ಸಂದು ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ಪಿಸ್ಟನ್ ವಿಷಯದಲ್ಲಿ ಕಾರು ಕಂಪನಿಯ ಹಳೇ ಅಳತೆಗಿಂತ ಈಗ ನಿಮ್ಮ ಕೈಯಲ್ಲಿರೋ ಪಿಸ್ಟನ್‌ನ ತಯಾರಕರು ಹೇಳಿದ್ದೇ ಮುಖ್ಯ. ಪಿಸ್ಟನ್‌ನ ಲೋಹ, ಆಕಾರ ಬದಲಾದರೆ ಬಿಡಬೇಕಾದ ಜಾಗವೂ ಬದಲಾಗುತ್ತೆ.

ಇಟಾಲಿಯನ್ ಪುಸ್ತಕ ಸಿಕ್ಕಿದರೆ ಹೆದರಬೇಡಿ. ನಾಲ್ಕು ಪದ ಗೊತ್ತಿದ್ದರೆ ಅರ್ಧ ಕೆಲಸ ಆಗುತ್ತೆ. 'ಅಲೆಸಾಜ್ಜೊ' ಅಂದರೆ ಬೋರ್. 'ಕೊರ್ಸಾ' ಅಂದರೆ ಸ್ಟ್ರೋಕ್. 'ಜೋಕೊ' ಅಂದರೆ ಸಂದು. 'ಕೊಪ್ಪಿಯಾ ದಿ ಸೆರ್ರಾಜ್ಜೊ' ಅಂದರೆ ಬೋಲ್ಟ್ ಬಿಗಿಯಬೇಕಾದ ಟಾರ್ಕ್. ಆದರೆ ಪುಟದ ಮೇಲೆ 72 ಕಂಡರೆ ಅದು ನಿಮ್ಮ ಎಂಜಿನ್ ಅಲ್ಲ ಅಂತ ತಕ್ಷಣ ಗುರುತು ಹಾಕಿಕೊಳ್ಳಿ. ಅದೇ ಪುಸ್ತಕದ ಬೇರೆ ಯಾವ ನಂಬರನ್ನೂ ಪರೀಕ್ಷೆ ಮಾಡದೆ ತಗೋಬಾರದು.

ಯೂನಿಟ್ ಗೊಂದಲ ಬೇರೆ. ಫಿಯೆಟ್ ಮಿಲಿಮೀಟರ್ ಲೆಕ್ಕದ ಗಾಡಿ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಇಂಚು ಲೆಕ್ಕದ್ದು, ಅದರ ಬೋರ್ 73.025 ಮಿ.ಮೀ. ಅಂತ ವಿಚಿತ್ರವಾಗಿ ಕಾಣೋದು ಅದು ಎರಡು ಮುಕ್ಕಾಲು ಇಂಚಿನ ಮೇಲೆ ಎರಡಾಣೆ, ಅಂದರೆ 2.875 ಇಂಚು ಆಗಿರೋದರಿಂದ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲ ಗಾಡಿಗೂ 'ಟ್ವೆಂಟಿ ಓವರ್‌ಸೈಜ್, ಥರ್ಟಿ ಓವರ್‌ಸೈಜ್' ಅಂತಾನೇ ಮಾತು. ಅದು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗ. ಒಂದು ಥೌ 0.0254 ಮಿ.ಮೀ. ಬೋಲ್ಟ್ ಬಿಗಿತದಲ್ಲೂ ಹೀಗೇ. ಹಳೇ ಫಿಯೆಟ್ ಪುಸ್ತಕ ಕೆಜಿ-ಮೀಟರ್‌ನಲ್ಲಿ, ಮೇಸ್ತ್ರಿಯ ಟಾರ್ಕ್ ಪಾನ ಅಡಿ-ಪೌಂಡ್‌ನಲ್ಲಿ, ಆನ್‌ಲೈನಲ್ಲಿ ಬರೋ ಹೊಸ ಪಾನ ನ್ಯೂಟನ್-ಮೀಟರ್‌ನಲ್ಲಿ. ಒಂದು ಕೆಜಿ-ಮೀಟರ್ ಅಂದರೆ 7.23 ಅಡಿ-ಪೌಂಡ್, 9.81 ನ್ಯೂಟನ್-ಮೀಟರ್.

ಕೊನೆಗೆ ನೆನಪು

ತಿಪಟೂರಿನ ಕಡೆ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಗ್ಯಾರೇಜು ಮುಚ್ಚಿ ವರ್ಷಗಳಾದವು. ಅವರ ಹತ್ತಿರ ಒಂದು ಹಳೇ ಲೆಕ್ಕದ ಪುಸ್ತಕ. ಒಂದು ಕಡೆ ಯಾರ್ಯಾರು ಎಷ್ಟು ಬಾಕಿ ಅಂತ, ಇನ್ನೊಂದು ಕಡೆ ಗಾಡಿಗಳ ಅಳತೆ. ಕನ್ನಡದಲ್ಲಿ, ಪೆನ್ಸಿಲ್‌ನಲ್ಲಿ. ಫಿಯೆಟ್‌ಗೆ ಒಂದು ಪುಟ, ಅಂಬಾಸಿಡರ್‌ಗೆ ಒಂದು, ಮೆಟಡೋರ್‌ಗೆ ಒಂದು.

"ಮೇಸ್ತ್ರಿ, ಈ ಟ್ಯಾಪೆಟ್ ಅಳತೆ ಎಂಜಿನ್ ಬಿಸಿ ಇದ್ದಾಗ್ಲೋ, ತಣ್ಣಗಿದ್ದಾಗ್ಲೋ?" ಅಂತ ಕೇಳಿದೆ.

"ಬೆಳಿಗ್ಗೆ ಬಂದು ಬಾಗಿಲು ತೆಗೆದ್ರೆ ಮೊದ್ಲು ಮಾಡ್ತಿದ್ದ ಕೆಲ್ಸವೇ ಅದು ಕಣಪ್ಪ. ರಾತ್ರಿಯೆಲ್ಲ ನಿಂತಿರೋ ಗಾಡಿ. ತಣ್ಣಗೇ ಇರ್ತಿತ್ತು" ಅಂದರು.

ಆ ಪುಟದಲ್ಲಿ ಬರೀ ಎರಡು ನಂಬರ್ ಇತ್ತು. ತಣ್ಣಗಿದ್ದಾಗ ಅನ್ನೋದು ಎಲ್ಲೂ ಬರೆದಿರಲಿಲ್ಲ, ಅದು ಅವರ ನೆನಪಲ್ಲಿತ್ತು. ಅವರ ನಂಬರ್ ಥೌನಲ್ಲಿ, ನನಗೆ ಸಿಕ್ಕಿದ್ದ ಕೈಪಿಡಿಯದು ಮಿಲಿಮೀಟರ್‌ನಲ್ಲಿ. 0.0254ರಿಂದ ಗುಣಿಸಿದಾಗ ಎರಡೂ ಒಂದೇ ಆಯ್ತು. ಆಗಲೇ ಆ ಅಳತೆಯನ್ನ ನಂಬಿದ್ದು.

ಮೇಸ್ತ್ರಿಗಳ ನೆನಪನ್ನ ಕಡೆಗಣಿಸಬಾರದು, ಹಾಗಂತ ಅದೊಂದನ್ನೇ ನಂಬಲೂ ಬಾರದು. ನಲವತ್ತು ವರ್ಷ ಹತ್ತಾರು ಬಗೆಯ ಗಾಡಿ ರಿಪೇರಿ ಮಾಡಿದವರಿಗೆ ಒಂದರ ಅಳತೆ ಇನ್ನೊಂದರ ಜೊತೆ ಸೇರಿಕೊಂಡಿರಬಹುದು. ಹಾಗಾಗಿ ಕೇಳೋ ಕ್ರಮ ಬೇರೆ ಇರಬೇಕು. 'ಎಷ್ಟು?' ಅಂತ ಕೇಳಿದರೆ ನಂಬರ್ ಸಿಗುತ್ತೆ. 'ಹೇಗೆ ಮಾಡ್ತಿದ್ರಿ?' ಅಂತ ಕೇಳಿದರೆ ನಂಬರ್ ಜೊತೆ ಅದರ ಷರತ್ತೂ ಸಿಗುತ್ತೆ.

"72 ಸಿಗುತ್ತೆ ಸಾರ್, ಹಾಕಿಸಿಬಿಡಿ"

68.60ರ ಪಿಸ್ಟನ್ ಸೆಟ್ ಹುಡುಕ್ತಾ ಇದ್ದಾಗ ಒಂದು ಅಂಗಡಿಯಲ್ಲಿ ಹೀಗಂದರು. "ನಿಮ್ಮ ಸೈಜು ಸಿಗಲ್ಲ ಸಾರ್. 72 ಸಿಗುತ್ತೆ. ಅದೂ ಫಿಯೆಟ್ 1100 ಡಿನೇ. ಬೋರ್ ಮಾಡ್ಸಿ ಹಾಕಿಸಿಬಿಡಿ, ಪವರೂ ಜಾಸ್ತಿ ಬರುತ್ತೆ."

ಕೇಳೋಕೆ ಚೆನ್ನಾಗಿದೆ. ಲೆಕ್ಕ ಮಾಡಿ ನೋಡಿ. 68.40ರಿಂದ 72ಕ್ಕೆ ಹೋಗಬೇಕಾದರೆ ವ್ಯಾಸದಲ್ಲಿ 3.6 ಮಿ.ಮೀ. ಕೊರೀಬೇಕು. ಗೋಡೆಯಿಂದ ಸುತ್ತಲೂ 1.8 ಮಿ.ಮೀ. ಹೋಗುತ್ತೆ. ಅಕ್ಕಪಕ್ಕದ ಎರಡು ಸಿಲಿಂಡರ್ ನಡುವಿನ ಜಾಗದಲ್ಲಿ ಎರಡೂ ಕಡೆಯಿಂದ ಸೇರಿ 3.6 ಕಮ್ಮಿ ಆಗುತ್ತೆ. ಹೆಡ್ ಗ್ಯಾಸ್ಕೆಟ್ ಕೂತು ಬೆಂಕಿಯನ್ನ ತಡೆಯೋದು ಆ ಸಣ್ಣ ಜಾಗದ ಮೇಲೇ. ಸಿಲಿಂಡರ್ ಸುತ್ತ ನೀರು ಓಡಾಡೋ ಗೋಡೆ ತೆಳುವಾದರೆ ಇವತ್ತಲ್ಲ ನಾಳೆ ಬಿರುಕು ಬಿಡುತ್ತೆ. ಇಟಲಿಯ 1221 ಎಂಜಿನ್ 72ಕ್ಕೆ ಅಂತಲೇ ತಯಾರಾಗಿದ್ದು. ನಮ್ಮ ಬ್ಲಾಕ್ ಹಾಗಲ್ಲ.

ಬ್ಲಾಕ್ ಅಳೆಸಿ ಬರೆಸಿಕೊಂಡ ಆ ಇಪ್ಪತ್ತನಾಲ್ಕು ನಂಬರ್ ಜೇಬಲ್ಲಿ ಇರದೇ ಇದ್ದಿದ್ದರೆ ಆ ಮಾತಿಗೆ ಉತ್ತರ ಇರುತ್ತಿರಲಿಲ್ಲ. 0.60 ಸೆಟ್ ಕೊನೆಗೆ ಬೇರೆ ಊರಲ್ಲಿ ಸಿಕ್ಕಿತು, ನಾಲ್ಕು ತಿಂಗಳು ಹಿಡೀತು. ಉಂಡೆ ಕೊಬ್ಬರಿಗೋಸ್ಕರ ಕಾಯಿ ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಕಾಯೋ ಊರಿನವರಿಗೆ ನಾಲ್ಕು ತಿಂಗಳು ದೊಡ್ಡದಲ್ಲ.

ಇದರಲ್ಲಿ ಕಾನೂನಿನ ಮಾತೂ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಅಂತ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ 'ವಿಎ' ಅನ್ನೋ ಅಕ್ಷರಗಳಿರುವ ನಂಬರ್ ಸಿಗುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಅಂಥ ಗಾಡಿಯನ್ನ ದಿನಾ ಓಡಿಸೋ ಹಾಗಿಲ್ಲ, ಬಾಡಿಗೆಗೂ ಬಿಡೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ಮುಖ್ಯವಾಗಿ ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗಾಗಿ ಬೇರೆ ಎಂಜಿನ್ ಕೂರಿಸೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಎಲ್ಲೂ ಸಿಗದ ಅಳತೆಗೆ ಏನು ಮಾಡೋದು?

ಎಲ್ಲ ಹುಡುಕಿದ ಮೇಲೂ ಒಂದೆರಡು ನಂಬರ್ ಸಿಗದೇ ಉಳೀತವೆ. ಆಗ ಲೆಕ್ಕ ಹಾಕಬಹುದು.

ಕಂಪ್ರೆಷನ್ ಅನುಪಾತ ಇದಕ್ಕೆ ಒಳ್ಳೆ ಉದಾಹರಣೆ. 68ಕ್ಕೆ 75ರ ಒಂದು ಸಿಲಿಂಡರ್‌ನಲ್ಲಿ ಪಿಸ್ಟನ್ ಓಡಾಡೋ ಜಾಗ 272.4 ಸಿಸಿ. ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯೋ ಜಾಗವನ್ನ ಸಿರಿಂಜ್‌ನಲ್ಲಿ ತೆಳುವಾದ ಎಣ್ಣೆ ತುಂಬಿಸಿ ಅಳೀಬಹುದು. ಗ್ಯಾಸ್ಕೆಟ್ ದಪ್ಪವೂ ಸೇರಿ ಅದು 42 ಸಿಸಿ ಬಂತು ಅಂತಿಟ್ಟುಕೊಳ್ಳಿ. 272.4ಕ್ಕೆ 42 ಕೂಡಿಸಿ 42ರಿಂದ ಭಾಗಿಸಿದರೆ ಸುಮಾರು 7.5. ಈ ಎಂಜಿನ್‌ನ ಹೆಡ್ ಅಲ್ಯೂಮಿನಿಯಂ. ಕಾದು ಡೊಂಕಾದಾಗೆಲ್ಲ ಲೇತ್‌ನವರು ಸ್ವಲ್ಪ ಸ್ವಲ್ಪ ತರಿದಿರುತ್ತಾರೆ, ಪ್ರತಿ ಸಲ ತರಿದಾಗಲೂ ಅನುಪಾತ ಏರುತ್ತೆ. ನಾಲ್ಕು ಸಿಲಿಂಡರ್‌ನದೂ ಬೇರೆ ಬೇರೆ ಬಂದರೆ ಹೆಡ್ ಓರೆಯಾಗಿ ತರಿದಿದ್ದಾರೆ ಅಂತ ಅರ್ಥ.

ರಿಂಗ್‌ನ ಬಾಯಿ ಸಂದಿಗೆ ಹಳೇ ಪೆಟ್ರೋಲ್ ಎಂಜಿನ್‌ಗಳಲ್ಲಿ ಒಂದು ರೂಢಿ ಲೆಕ್ಕ ಇದೆ. ಬೋರ್‌ನ ಪ್ರತಿ ಇಂಚಿಗೆ ಮೂರರಿಂದ ನಾಲ್ಕು ಥೌ. 68 ಮಿ.ಮೀ.ಗೆ ಅದು ಸುಮಾರು 0.20ರಿಂದ 0.27 ಮಿ.ಮೀ. ರಿಂಗ್ ಬಾಕ್ಸ್ ಮೇಲೆ ಬರೆದಿದ್ದರೆ ಅದೇ ಅಂತಿಮ. ಇದು ಆ ನಂಬರ್ ನಂಬುವಂಥದ್ದಾ ಅಂತ ನೋಡೋಕೆ ಮಾತ್ರ.

ಬೋಲ್ಟ್ ಬಿಗಿತ ಸಿಗದಿದ್ದರೆ ಬೋಲ್ಟ್‌ನ ತಲೆ ನೋಡಿ. ಮಿಲಿಮೀಟರ್ ಬೋಲ್ಟ್‌ಗಳ ಮೇಲೆ 8.8, 10.9 ಅಂತ ದರ್ಜೆ ಒತ್ತಿರುತ್ತಾರೆ. ವ್ಯಾಸ, ದರ್ಜೆ ಗೊತ್ತಾದರೆ ಸಾಮಾನ್ಯ ಕೋಷ್ಟಕದಲ್ಲಿ ಮಿತಿ ಸಿಗುತ್ತೆ. ಇದು ಕವರ್, ಬ್ರ್ಯಾಕೆಟ್‌ಗಳಿಗೆ ಸಾಕು. ಹೆಡ್ ಮತ್ತು ಕನೆಕ್ಟಿಂಗ್ ರಾಡ್ ಬೋಲ್ಟ್‌ಗಳಿಗೆ ಮಾತ್ರ ಅದೇ ಎಂಜಿನ್‌ನ ಪುಸ್ತಕ ಸಿಗೋ ತನಕ ಕಾಯೋದೇ ಒಳ್ಳೇದು.

ಹಳೇ ಅಳತೆ, ಹೊಸ ಪೆಟ್ರೋಲ್

ಇಷ್ಟೆಲ್ಲ ಸರಿಯಾಗಿ ಸಿಕ್ಕಿದರೂ ಒಂದು ವಿಷಯ ಪುಸ್ತಕದಲ್ಲಿ ಇರೋದೇ ಇಲ್ಲ. 1971ರ ಪೆಟ್ರೋಲೇ ಬೇರೆ, ಈಗಿನದೇ ಬೇರೆ. ಆಗ ಪೆಟ್ರೋಲ್‌ನಲ್ಲಿ ಸೀಸ ಇರುತ್ತಿತ್ತು. ದೇಶಾದ್ಯಂತ ಅದು ನಿಂತಿದ್ದು 2000ದಲ್ಲಿ. ಈಗ ಬಂಕ್‌ಗಳಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಉರಿಯೋಕೆ ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಹಳೇ ಜೆಟ್‌ನಲ್ಲಿ ಅದೇ ಪ್ರಮಾಣದ ಇಂಧನ ಬಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ಬಿಸಿಯಾಗಿ ಓಡುತ್ತೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಊದಿಕೊಂಡು ಹಾಳಾಗುತ್ತವೆ. ಪುಸ್ತಕದ ಜೆಟ್ ನಂಬರ್‌ನಿಂದ ಶುರುಮಾಡಿ, ಓಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ಇಂಧನ ಸಾಲುತ್ತಿಲ್ಲ ಅಂತ. ಪೈಪು, ಡಯಾಫ್ರಂ ಎಥನಾಲ್ ತಡೆಯೋ ಹೊಸದನ್ನೇ ಹಾಕಿಸಿ.

ಒಂದು ಹಾಳೆ ಸಾಕು

ಹುಡುಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಐದು ಕಾಲಂ ಮಾಡಿ ಬರೆದಿಟ್ಟಿದ್ದೇವೆ: ಯಾವ ಅಳತೆ, ನಂಬರ್ ಮತ್ತು ಯೂನಿಟ್, ಎಲ್ಲಿ ಸಿಕ್ತು, ಯಾವ ಸ್ಥಿತಿಯಲ್ಲಿ, ಎರಡನೇ ಸಾಕ್ಷಿ ಏನು. ಕಬ್ಬಿಣ, ಕಾಗದ, ನೆನಪು, ಈ ಮೂರರಲ್ಲಿ ಎರಡಾದರೂ ಒಪ್ಪದೇ ಇದ್ದರೆ ಐದನೇ ಕಾಲಂ ಖಾಲಿ. ಖಾಲಿ ಇರೋ ತನಕ ಆ ಭಾಗಕ್ಕೆ ಯಾರೂ ಪಾನ ಹಚ್ಚೋ ಹಾಗಿಲ್ಲ. ಹಾಳೆಯ ಒಂದು ಪ್ರತಿ ಮೇಸ್ತ್ರಿಗೆ, ಒಂದು ಬೋರಿಂಗ್ ಶಾಪ್‌ಗೆ, ಇನ್ನೊಂದು ಪ್ಲಾಸ್ಟಿಕ್ ಕವರ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಒಳಗೆ. ಮುಂದೆ ಆ ಎಂಜಿನ್ ಬಿಚ್ಚೋದು ನಾವೇ ಆಗಿರಬೇಕು ಅಂತೇನಿಲ್ಲ.

ಇದು ಫಿಯೆಟ್‌ಗೆ ಮಾತ್ರ ಅಲ್ಲ. ನಮ್ಮ ಕರ್ನಾಟಕದಲ್ಲೇ ತಯಾರಾದ ಗಾಡಿಗಳ ಕಥೆಯೂ ಹೀಗೇ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಮಾಡಿದ ಫೈಬರ್ ಬಾಡಿಯ ಡಾಲ್ಫಿನ್ ಕಾರು ನೆನಪಿದೆಯಾ? ಅದರ ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಅದರ ಅಳತೆ ಬೇಕಾದರೆ ಸಿಪಾನಿ ಹೆಸರಲ್ಲಿ ಅಲ್ಲ, ರಿಲಯಂಟ್ ಹೆಸರಲ್ಲಿ ಹುಡುಕಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕ್‌ಗಳ ಬೇರು ಇರೋದು ಜೆಕ್ ದೇಶದಲ್ಲಿ. ತೋಟದ ಪಂಪಿಗೆ ಇದ್ದ ಕಿರ್ಲೋಸ್ಕರ್ ಡೀಸೆಲ್ ಎಂಜಿನ್ ನೋಡಿ. ಅದರ ಎವಿ1 ಮಾದರಿ 80ಕ್ಕೆ 110ರದ್ದು, 1500 ಆರ್‌ಪಿಎಂನಲ್ಲಿ 5 ಎಚ್‌ಪಿ. ಎಷ್ಟೋ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗಳಲ್ಲಿ ಅಂಥ ಎಂಜಿನ್‌ನ ಪಕ್ಕದ ಗೋಡೆ ಮೇಲೆ ಬೋರ್, ಸ್ಟ್ರೋಕ್ ಬರೆದ ಚಾರ್ಟ್ ನೇತಾಡ್ತಾ ಇರುತ್ತೆ. ಹುಡುಕೋ ಅಳತೆ ಕೆಲವೊಮ್ಮೆ ನಾವು ಓದಿದ ಕಾಲೇಜಲ್ಲೇ ಇರುತ್ತೆ.

ಈ ಸಲ ಆಯುಧ ಪೂಜೆಗೆ ಊರಿಗೆ ಹೋದಾಗ ಹಳೇ ಗಾಡಿಗೋ ಪಂಪ್‌ಸೆಟ್‌ಗೋ ಕುಂಕುಮ ಇಡೋ ಮುಂಚೆ ಹತ್ತು ನಿಮಿಷ ಮಾಡಿಕೊಳ್ಳಿ. ಎಂಜಿನ್ ನಂಬರ್, ಹೆಸರಿನ ಪ್ಲೇಟು, ಆರ್‌ಸಿ, ಟ್ರಂಕಿನಲ್ಲಿ ಬಿದ್ದಿರೋ ಹಳೇ ಕೈಪಿಡಿಯ ಪ್ರತಿ ಪುಟ, ಎಲ್ಲದರ ಫೋಟೋ ತೆಗೀರಿ. ಆ ಗಾಡಿ ರಿಪೇರಿ ಮಾಡ್ತಿದ್ದ ಮೇಸ್ತ್ರಿ ಇನ್ನೂ ಇದ್ದರೆ ಎಲೆ-ಅಡಿಕೆ, ಸ್ವೀಟು ಹಿಡ್ಕೊಂಡು ಹೋಗಿ ಮಾತಾಡಿಸಿ. 'ಹೇಗೆ ಮಾಡ್ತಿದ್ರಿ?' ಅಂತ ಕೇಳಿ, ಅವರು ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಗಾಡಿ ರಿಪೇರಿ ಮಾಡ್ಸೋದು ಬಿಡೋದು ಆಮೇಲೆ ನೋಡಬಹುದು. ಪಾರ್ಟು ಇವತ್ತಲ್ಲ ನಾಳೆ ಎಲ್ಲಾದರೂ ಸಿಗುತ್ತೆ. ಅಳತೆ ಗೊತ್ತಿದ್ದವರು ಹೋದ ಮೇಲೆ ಅದನ್ನ ಕೇಳೋಕೆ ಯಾರೂ ಇರಲ್ಲ.